ರೀಫ್-ಸೇಫ್ ಅಂದ್ರೆ ಯಾವ ರೀಫ್‌ಗೆ ಸೇಫ್?

ಕಳೆದ ಮೇ ತಿಂಗಳ ಒಂದು ರಾತ್ರಿ ಗಂಗಾವತಿಯಲ್ಲಿ ಹನ್ನೊಂದೂವರೆಗೆ ಕರೆಂಟ್ ಹೋಯ್ತು. ಸಂಜೆ ಗಾಳಿ ಎದ್ದಿತ್ತು, ಎಲ್ಲೋ ಕಂಬ ಬಿದ್ದಿತ್ತು, ಮಳೆ ಮಾತ್ರ ಬರಲಿಲ್ಲ. ನಮ್ಮ ಕಡೆ ಇದು ಸುದ್ದಿಯೇ ಅಲ್ಲ ಬಿಡ್ರಿ. ಕಾಕಾ, ಕಾಕು, ತಂಗಿ, ನಾನು ಎಲ್ಲರೂ ಮಾಳಿಗೆ ಮೇಲೆ ಹಾಸಿಕೊಂಡು ಮಲಗಿದ್ವಿ. ಬೆಳಗಿನ ಐದಕ್ಕೆ ಕೆಳಗಿಳಿದ ಕಾಕು ಕೂಗಿದ್ರು: “ಏ, ಎದ್ದ್ ಬರ್ರಿ ಇಲ್ಲೆ. ಮೀನು ಅಡ್ಡ ಬಿದ್ದಾವು.”

ಪಡಸಾಲೆಯಲ್ಲಿ ನಾಲ್ಕಡಿ ಉದ್ದದ ಉಪ್ಪುನೀರಿನ ಟ್ಯಾಂಕ್. ಆ ಹೊತ್ತಿಗೆ ಅದರಲ್ಲಿ ಇದ್ದದ್ದು ನಾಲ್ಕೇ ಮೀನು. ನೀಲಿ ಟ್ಯಾಂಗ್ ಸತ್ತಿತ್ತು. ಕ್ರೋಮಿಸ್ ಸತ್ತಿತ್ತು. ಜೋಡಿ ಕ್ಲೌನ್ ಮೀನುಗಳಲ್ಲಿ ದೊಡ್ಡದು ಸತ್ತಿತ್ತು. ಸಣ್ಣದೊಂದು ಮೇಲ್ಮೈಗೆ ಬಾಯಿ ಹಚ್ಚಿ ಗುಟುಕರಿಸ್ತಾ ಇತ್ತು. ಆರು ವರ್ಷದ ತಂಗಿ ಏನೂ ಕೇಳದೆ ಗಾಜಿಗೆ ಕೈ ಹಚ್ಚಿ ನಿಂತಿದ್ದಳು. ಅಳಲಿಲ್ಲ, ಅದೇ ನನಗೆ ಹೆಚ್ಚು ತ್ರಾಸಾಯ್ತು.

ಮನೆಯಲ್ಲಿ ಇನ್ವರ್ಟರ್ ಇತ್ತು. ಆದರೆ ಆ ಲೈನಿನಲ್ಲಿ ಇದ್ದದ್ದು ಫ್ಯಾನು, ಎರಡು ಲೈಟು, ಟಿವಿ. ಟ್ಯಾಂಕಿನ ಪ್ಲಗ್ ಇರಲಿಲ್ಲ. ಎಲೆಕ್ಟ್ರಿಕಲ್ ಆರನೇ ಸೆಮ್ ಓದ್ತಿದ್ದ ನಾನು ಆರು ತಿಂಗಳಲ್ಲಿ ಒಮ್ಮೆಯೂ ಆ ಪಾಯಿಂಟ್ ಯಾವ ಲೈನಿನದು ಅಂತ ನೋಡಿರಲಿಲ್ಲ. ನೋಡಿದ್ದು ಚಾರ್ಟ್.

ಆ ಚಾರ್ಟಿನ ಬಗ್ಗೆಯೇ ಈ ಲೇಖನ.

ಸಮುದ್ರದ ಮೀನು ಸಾಕೋಕೆ ಹೊರಟವರಿಗೆ ಮೊದಲು ಸಿಗೋದು ಅದೇ. ಅಡ್ಡಸಾಲಿನಲ್ಲಿ ಮೀನಿನ ಹೆಸರು, ಉದ್ದಸಾಲಿನಲ್ಲೂ ಮೀನಿನ ಹೆಸರು, ನಡುವಿನ ಚೌಕದಲ್ಲಿ ಹಸಿರು, ಹಳದಿ, ಕೆಂಪು. ಯಾವುದು ಯಾವುದರ ಜೊತೆ ಹೊಂದ್ತದೆ ಅಂತ. ಕೊನೆಗೆ ಒಂದು ಕಾಲಂ: ರೀಫ್-ಸೇಫ್, ಹೌದು ಅಥವಾ ಇಲ್ಲ. ಅಂದರೆ ಟ್ಯಾಂಕಿನಲ್ಲಿ ಹವಳ ಬೆಳೆಸಿದ್ದರೆ ಈ ಮೀನು ಅದನ್ನು ಕಚ್ಚಿ ತಿನ್ನೋದಿಲ್ಲ ಅನ್ನೋ ಗ್ಯಾರಂಟಿ. ಜಾತಕ ಕೂಡಿಸಿದ ಹಾಗೆ ಒಂದು ರಾತ್ರಿ ಹಾಸ್ಟೆಲಿನಲ್ಲಿ ಕೂತು ನಾನು ಏಳು ಮೀನು ಆರಿಸಿದೆ. ಎರಡು ಕ್ಲೌನ್, ಮೂರು ಹಸಿರು ಕ್ರೋಮಿಸ್, ಒಂದು ನೀಲಿ ಟ್ಯಾಂಗ್, ಒಂದು ಮ್ಯಾಂಡರಿನ್. ಎಲ್ಲದರ ಮುಂದೂ ‘ಹೌದು’. ಎಲ್ಲ ಚೌಕವೂ ಹಸಿರು. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕಾಕಾ ತಮ್ಮ ಬೋನಸ್ಸಿನ ದುಡ್ಡು ಕೊಟ್ಟು, “ಇಂಜಿನಿಯರ್ ಸಾಹೇಬ್ರು ಹೇಳ್ಯಾರಂದ್ರ ಮುಗೀತು” ಅಂದ್ರು.

ಮೊದಲು ಸತ್ತದ್ದು ಮ್ಯಾಂಡರಿನ್. ನವಿಲಿನ ಬಣ್ಣದ ಆ ಮೀನು ಕಲ್ಲಿನ ಸಂದಿಯಲ್ಲಿ ಓಡಾಡೋ ಕೋಪೆಪಾಡ್ ಅನ್ನೋ ಕಣ್ಣಿಗೆ ಕಂಡೂ ಕಾಣದ ಜೀವಿಗಳನ್ನು ದಿನವಿಡೀ ಹೆಕ್ಕಿ ತಿಂದು ಬದುಕ್ತದೆ. ಪ್ಯಾಕೆಟ್ಟಿನ ಕಾಳು ಬಹಳಷ್ಟು ಮ್ಯಾಂಡರಿನ್‌ಗಳು ಮುಟ್ಟೋದೇ ಇಲ್ಲ. ಹೊಸ ಟ್ಯಾಂಕಿನಲ್ಲಿ ಕೋಪೆಪಾಡ್ ಎಲ್ಲಿಂದ ಬರಬೇಕು? ಆರು ವಾರದಲ್ಲಿ ಬಡವಾಗಿ, ಬಡವಾಗಿ, ಹೋಯ್ತು. ಹವಳಕ್ಕೆ ಅದರಿಂದ ಏನೂ ಅಪಾಯ ಇರಲಿಲ್ಲ, ಅದು ನಿಜ. ಕ್ರೋಮಿಸ್ ಮೂರಿದ್ದದ್ದು ಒಂದಾಯ್ತು. ಸಮುದ್ರದಲ್ಲಿ ನೂರಾರು ಒಟ್ಟಿಗೆ ಇರುವ ಮೀನು, ಮೂರೇ ಇದ್ದಾಗ ಒಂದನ್ನೊಂದು ಅಟ್ಟಿಸಿ ಕೊಲ್ತದೆ. ಚಾರ್ಟಿನಲ್ಲಿ ಕ್ರೋಮಿಸ್‌ಗೆ ಕ್ರೋಮಿಸ್ ಎದುರಿನ ಚೌಕ ಹಸಿರೇ ಇತ್ತು. ಸಿನಿಮಾದಿಂದ ಡೋರಿ ಅಂತ ಎಲ್ಲರಿಗೂ ಗೊತ್ತಿರುವ ನೀಲಿ ಟ್ಯಾಂಗ್ ಪೂರ್ತಿ ಬೆಳೆದರೆ ಸುಮಾರು ಒಂದಡಿ. ದಿನವಿಡೀ ಈಜುವ ಜಾತಿ. ನಾಲ್ಕಡಿ ಟ್ಯಾಂಕಿನಲ್ಲಿ ಅದನ್ನು ಇಡೋದು ಅಂದ್ರೆ ಕಬಡ್ಡಿ ಆಟಗಾರನನ್ನು ಹಾಸ್ಟೆಲ್ ರೂಮಿನಲ್ಲಿ ಕೂಡಿಹಾಕಿದ ಹಾಗೆ.

ಹೊಂದಾಣಿಕೆಯ ಪ್ರಶ್ನೆ ಮೀನಿಗೂ ಮೀನಿಗೂ ನಡುವೆ ಮಾತ್ರ ಇದೆ ಅಂದುಕೊಂಡಿದ್ದೇ ನನ್ನ ಮೊದಲ ತಪ್ಪು. ಮೀನಿಗೂ ಕೊಪ್ಪಳ ಜಿಲ್ಲೆಗೂ ಹೊಂದ್ತದಾ ಅಂತ ಯಾವ ಚಾರ್ಟೂ ಹೇಳಲಿಲ್ಲ. ಅದನ್ನು ಮಾಡಿದವರ ಊರಲ್ಲಿ ಟ್ಯಾಂಕಿಗೆ ಹೀಟರ್ ಬೇಕು. ನಮಗೆ ಕೂಲರ್ ಬೇಕು.

ಆ ರಾತ್ರಿ ಏನಾಯ್ತು ಅಂತ ಆಮೇಲೆ ಲೆಕ್ಕ ಹಾಕಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಕ್ಸಿಜನ್ ಕಡಿಮೆ, ಉಪ್ಪಾದಷ್ಟೂ ಇನ್ನೂ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿ.ಗ್ರಾಂ ಹಿಡೀತದೆ, ಸಮುದ್ರದ ನೀರು 6.8. ಅದೇ ಸಮುದ್ರದ ನೀರು 32 ಡಿಗ್ರಿಯಲ್ಲಿ 6ರ ಹತ್ತಿರ. ಕಾಕಾನ ಟ್ಯಾಂಕಿನಲ್ಲಿ 200 ಲೀಟರ್ ನೀರು. ಅಂದರೆ ಪಂಪ್ ನಿಂತ ಕ್ಷಣದಲ್ಲಿ ಇಡೀ ಟ್ಯಾಂಕಿನಲ್ಲಿ ಇದ್ದ ಆಕ್ಸಿಜನ್ ಹೆಚ್ಚೆಂದರೆ 1.2 ಗ್ರಾಂ. ನಾಲ್ಕು ಮೀನಿಗೆ ಮಾತ್ರ ಅಲ್ಲ, ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಕ್ಕೂ ಅದರಲ್ಲೇ ಪಾಲು. ನೀರು ಅಲುಗಾಡ್ತಿದ್ದರೆ ಮೇಲಿನಿಂದ ಹೊಸದು ಬೆರೀತದೆ. ಅಲುಗಾಡಲಿಲ್ಲ.

ಬೇಕಿದ್ದದ್ದು ಯುಎಸ್‌ಬಿಯಲ್ಲಿ ಓಡುವ ಒಂದು ಸಣ್ಣ ಏರ್ ಪಂಪ್. ಒಂದೆರಡು ವ್ಯಾಟ್. ನಮ್ಮೆಲ್ಲರ ಬ್ಯಾಗಿನಲ್ಲಿರುವ 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್-ಅವರ್ ಇರ್ತದೆ. ರಾತ್ರಿ ಪೂರ್ತಿ ಆರಾಮಾಗಿ ಓಡ್ತಿತ್ತು. ನನ್ನ ಪವರ್ ಬ್ಯಾಂಕ್ ಆ ರಾತ್ರಿ ತಲೆದಿಂಬಿನ ಕೆಳಗೆ ಇತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಕೊಂಡು ಹೋದಾಗ ಮೆಸ್ಸಿನಲ್ಲಿ ಕೂತು, ಒಂದೇ ಚೈನ್ ಮೇಲೆ ಯಾಕೆ ನಂಬಿದ್ರು ಅಂತ ಜೋರಾಗಿ ಭಾಷಣ ಮಾಡಿದವನು ನಾನೇ.

ಬಿಸಿಲಿನ ವಿಷಯದಲ್ಲಿ ಮಾತ್ರ ನಮ್ಮ ಊರಿಗೆ ಒಂದು ಅನುಕೂಲ ಇದೆ. ಚಿಲ್ಲರ್ ತರೋಕೆ ದುಡ್ಡಿಲ್ಲದವರು ಕೇಳ್ರಿ. ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2,400 ಕಿಲೋಜೂಲ್ ಬೇಕು. 200 ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸೋಕೆ ತೆಗೆಯಬೇಕಾದ್ದು 840. ಅಂದರೆ ಮೇಲ್ಮೈ ಮೇಲೆ ಒಂದು ಸಣ್ಣ ಫ್ಯಾನ್ ಬಿಟ್ಟು ಒಂದು ಲೀಟರ್ ಆರಿಸಿದರೆ ಮೂರು ಡಿಗ್ರಿಯ ಹತ್ತಿರ ಬಿಸಿ ಹೋಗ್ತದೆ. ಕೋಣೆಯ ಬಿಸಿ ವಾಪಸ್ ಬರ್ತಾನೇ ಇರ್ತದೆ, ಹಂಗಾಗಿ ದಿನಾ ಆರಿಸ್ತಾ ಇರಬೇಕು. ಮಂಗಳೂರಿನ ಜಿಗುಟು ಹವೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯೋದಿಲ್ಲ. ಏಪ್ರಿಲ್ ತಿಂಗಳ ಕುಷ್ಟಗಿಯ ಒಣ ಗಾಳಿಯಲ್ಲಿ ನಡೀತದೆ. ಹಸಿ ಗೋಣಿಚೀಲ ಸುತ್ತಿದ ಹರವಿಯ ನೀರು ಕುಡಿದು ಬೆಳೆದ ನಮಗೆ ಇದಕ್ಕೆ ಥರ್ಮೋಡೈನಮಿಕ್ಸ್ ಪುಸ್ತಕ ಬೇಕಿರಲಿಲ್ಲ.

ಆದರೆ ಆವಿಯಾಗೋದು ನೀರು, ಉಪ್ಪಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 200 ಲೀಟರಿಗೆ 7 ಕಿಲೋ ಉಪ್ಪು. ದಿನಕ್ಕೆ ಎರಡು ಲೀಟರ್ ಆರಿ, ಹತ್ತು ದಿನ ನೀವು ಊರಲ್ಲಿ ಇಲ್ಲದಿದ್ದರೆ, ಅದು 39 ಗ್ರಾಂ ಆಗಿರ್ತದೆ. ಆರಿದ್ದಷ್ಟನ್ನು ಸಿಹಿನೀರಿನಿಂದ ತುಂಬಬೇಕು. ಕಾಕಾ ಮೊದಲ ತಿಂಗಳು ಪ್ರೀತಿಯಿಂದ ಉಪ್ಪುನೀರೇ ಸುರೀತಿದ್ರು. “ಸಮುದ್ರದ ಮೀನಿಗೆ ಸಪ್ಪನ್ನ ನೀರು ಹ್ಯಾಂಗ ಹಾಕೋದೋ ತಮ್ಮಾ?”

ಇನ್ನು ಆ ಸಿಹಿನೀರು ಎಲ್ಲಿಂದ ತರಬೇಕು? ಇಲ್ಲಿ ನನಗೆ ಸ್ವಲ್ಪ ನಾಚಿಕೆಯ ವಿಷಯ ಬರ್ತದೆ. ನಮ್ಮ ಊರು ಯಲಬುರ್ಗಾ ತಾಲೂಕಿನದು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಅಂತ ಯಾರೂ ಹೇಳಿಕೊಡಬೇಕಿಲ್ಲ, ನಮ್ಮ ಓಣಿಯ ಹಿರಿಯರು ನಕ್ಕರೆ ಹಲ್ಲಿನ ಮೇಲಿನ ಕಂದು ಕಲೆಯೇ ಹೇಳ್ತದೆ. ಕುಡಿಯುವ ನೀರಿಗೆ ಫ್ಲೋರೈಡಿನ ಕೊನೆಯ ಮಿತಿ ಲೀಟರಿಗೆ 1.5 ಮಿ.ಗ್ರಾಂ. ಅದಕ್ಕಾಗಿಯೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದವು. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಹೋಗ್ತೀವಿ. ಉಪ್ಪುನೀರಿನ ಟ್ಯಾಂಕಿಗೂ ಬೇಕಾದ್ದು ಅದೇ ಆರ್‌ಒ ನೀರು, ಅದಕ್ಕಿಂತಲೂ ಶುದ್ಧವಾದದ್ದು, ಟಿಡಿಎಸ್ ಸೊನ್ನೆಯ ಹತ್ತಿರ ಇರಬೇಕು. ಆರ್‌ಒ ಮಷಿನ್ ಒಳ್ಳೆ ನೀರು ಕೊಡುವಾಗ ಒಂದಿಷ್ಟು ನೀರನ್ನು ಮೋರಿಗೂ ಬಿಡ್ತದೆ. ನಮ್ಮವ್ವ ಕ್ಯಾನ್ ಹಿಡಿದು ಪಾಳಿ ನಿಲ್ಲೋ ನೀರನ್ನು ನಾನು ಮೀನಿಗೆ ಸುರಿಯಬಹುದಾ?

ನಾನು ಸುರಿಯಬಹುದು ಅಂತಲೇ ಹೇಳ್ತೀನಿ, ಆದರೆ ಲೆಕ್ಕ ಇಟ್ಟು. 200 ಲೀಟರಿನ ಟ್ಯಾಂಕಿಗೆ ಆರಿದ್ದು ತುಂಬೋಕೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸೋಕೆ, ಎರಡು ಕ್ಯಾನ್ ಸಾಕು. ಎಂಟಡಿ ಟ್ಯಾಂಕ್ ಕಟ್ಟಿ ಹನ್ನೆರಡು ಮೀನು ಬಿಡ್ತೀನಿ ಅನ್ನೋರು ನಮ್ಮ ತಾಲೂಕಿನಲ್ಲಿ ಅದನ್ನು ಮಾಡಬಾರದು. ಮಾಡೋ ದುಡ್ಡಿದ್ದರೂ ಮಾಡಬಾರದು. ರಿಜೆಕ್ಟ್ ನೀರನ್ನು ಬಚ್ಚಲಿಗೋ ನೆಲ ಒರೆಸೋಕೋ ಹಿಡಿದಿಟ್ಟುಕೊಳ್ಳೋ ಬುದ್ಧಿ ಕಾಕುವಿಗೆ ನಾನು ಹೇಳೋ ಮೊದಲೇ ಇತ್ತು.

ಈಗ ಹವಳಕ್ಕೆ ಬರೋಣ. ಚಾರ್ಟಿನ ಕೊನೇ ಕಾಲಂ ಪೂರ್ತಿ ನಿಂತಿರೋದು ನಿಮ್ಮ ಟ್ಯಾಂಕಿನಲ್ಲಿ ಜೀವಂತ ಹವಳ ಇದೆ ಅನ್ನೋ ಊಹೆಯ ಮೇಲೆ. ನಮ್ಮ ದೇಶದಲ್ಲಿ ಆ ಊಹೆಯೇ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ 2001ರಲ್ಲಿ ರೀಫ್ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದರು. ಕಪ್ಪು ಹವಳ, ಸೀ ಫ್ಯಾನ್, ಸಮುದ್ರ ಕುದುರೆ ಕೂಡ ಆ ಪಟ್ಟಿಯಲ್ಲಿವೆ. ಹುಲಿ ಇರುವ ಶೆಡ್ಯೂಲ್ ಅದು, ನಮ್ಮ ಪಕ್ಕದ ದರೋಜಿಯ ಕರಡಿ ಇರುವ ಶೆಡ್ಯೂಲ್. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು. ನಾವು ಮೀನು ತಂದ ಅಂಗಡಿಯಲ್ಲಿ, “ಒಂದು ಹವಳದ ಪೀಸ್ ಇದೆ ಸಾರ್, ಹಾಕಿ ಕೊಡ್ಲಾ?” ಅಂತ ಟೊಮ್ಯಾಟೊ ಕೇಳಿದ ಹಾಗೆ ಕೇಳಿದ್ರು. ಕಾಕಾ ಬೇಡ ಅಂದದ್ದು ರೇಟ್ ಕೇಳಿ. ಕಾನೂನು ಆ ದಿನ ನನಗೂ ಗೊತ್ತಿರಲಿಲ್ಲ.

ಹಂಗಾದ್ರೆ ಟ್ಯಾಂಕಿನಲ್ಲಿ ಹವಳವೇ ಇಲ್ಲ, ರೀಫ್-ಸೇಫ್ ಅನ್ನೋ ಮಾತಿಗೆ ಅರ್ಥ ಏನು?

ಇನ್ನೊಂದು ತಮಾಷೆ ನೋಡ್ರಿ. ಚಾರ್ಟಿನ ಪ್ರಕಾರ ಚಿಟ್ಟೆಮೀನು ರೀಫ್-ಸೇಫ್ ಅಲ್ಲ, ಗಿಳಿಮೀನು ಅಲ್ಲವೇ ಅಲ್ಲ. ಮುರುಡೇಶ್ವರದ ಎದುರಿಗೆ, ದಡದಿಂದ ಇಪ್ಪತ್ತು ಕಿಲೋಮೀಟರಿನೊಳಗೆ ನೇತ್ರಾಣಿ ದ್ವೀಪ ಇದೆ. ಸ್ಕೂಬಾ ಮಾಡೋಕೆ ನಮ್ಮ ಸೀನಿಯರ್ಸ್ ಹೋಗಿ ಸ್ಟೇಟಸ್ ಹಾಕ್ತಾರಲ್ಲ, ಅದೇ. ಕನ್ನಡ ನಾಡಿನ ಹವಳದ ದಿಬ್ಬ ಅಂದರೆ ಮೊದಲು ನೆನಪಾಗೋ ಜಾಗ. ಅಲ್ಲಿ ಚಿಟ್ಟೆಮೀನೂ ಇವೆ, ಗಿಳಿಮೀನೂ ಇವೆ. ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನೋದರಿಂದಲೇ ಹೊಸ ಹವಳ ಕೂರೋಕೆ ಜಾಗ ಸಿಗ್ತದೆ. ಅದು ಹೋದರೆ ಪಾಚಿ ಹಬ್ಬಿ ಹವಳ ಉಸಿರುಕಟ್ಟಿ ಸಾಯ್ತದೆ. ನಿಜವಾದ ರೀಫ್ ಉಳಿಸೋ ಮೀನು ಚಾರ್ಟಿನಲ್ಲಿ ಕೆಂಪು. ನಿಜವಾದ ರೀಫಿನಿಂದ ಹಿಡಿದು ತಂದ ಟ್ಯಾಂಗ್ ಚಾರ್ಟಿನಲ್ಲಿ ಹಸಿರು. ಆ ಕಾಲಂ ನೋಡ್ತಿರೋದು ಮಾಲೀಕನ ಆಸ್ತಿಯನ್ನು, ಸಮುದ್ರವನ್ನಲ್ಲ.

ನನ್ನ ಅಭಿಪ್ರಾಯ ಇಷ್ಟೇ: ನಾವು ಇಲ್ಲಿ ಕೂತು ಆ ಮಾತನ್ನು ಬಳಸೋದಾದರೆ ಅದನ್ನು ಕೇಳಬೇಕಾದ್ದು ಸಮುದ್ರದಲ್ಲಿರುವ ರೀಫಿನ ಬಗ್ಗೆ. ಈ ಮೀನು ನನ್ನ ಪಡಸಾಲೆಗೆ ಬರೋಕೆ ಯಾವ ಹವಳದ ಸಂದಿಯನ್ನು ಖಾಲಿ ಮಾಡಿತು?

ಗಪ್ಪಿ, ಮಾಲಿ, ಗೋಲ್ಡ್‌ಫಿಶ್ ಥರದ ಸಿಹಿನೀರಿನ ಬಣ್ಣದ ಮೀನುಗಳಲ್ಲಿ ಬಹುಪಾಲು ಫಾರ್ಮಿನಲ್ಲಿ ಹುಟ್ಟಿದವು. ಸಮುದ್ರದ ಮೀನುಗಳಲ್ಲಿ ಬಹುಪಾಲು ಜಾತಿ ಇವತ್ತಿಗೂ ಸಮುದ್ರದಿಂದಲೇ ಹಿಡಿದವು. ಹಿಡಿಯೋದು ಹೇಗೆ ಅನ್ನೋದು ಇನ್ನೊಂದು ಕಥೆ. ಫಿಲಿಪೈನ್ಸಿನಲ್ಲಿ 1960ರ ದಶಕದಲ್ಲಿ ಶುರುವಾದ ಪದ್ಧತಿ: ಬಾಟಲಿಯಲ್ಲಿ ಸಯನೈಡ್ ಕಲಸಿ ಹವಳದ ಸಂದಿಗೆ ಚಿಮ್ಮಿಸೋದು, ಮತ್ತು ಬಂದ ಮೀನನ್ನು ಬುಟ್ಟಿಗೆ ಹಾಕೋದು. ಮೀನು ಕೆಲವು ಬದುಕ್ತವೆ. ಆ ಹವಳ ಬದುಕೋದಿಲ್ಲ. ಇತ್ತ ಲಕ್ಷದ್ವೀಪದಲ್ಲಿ 2023ರ ಕೊನೆಯಿಂದ ಸಮುದ್ರ ಬಿಸಿಯಾಗಿ, 2024ರಲ್ಲಿ ಹವಳ ಬಿಳಿಚಿಕೊಂಡಿದ್ದನ್ನು ನಮ್ಮದೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐನವರು ದಾಖಲಿಸಿದ್ದಾರೆ. ಮೊದಲೇ ಜ್ವರ ಬಂದು ಮಲಗಿದವರ ಮನೆಗೆ ಹೋಗಿ ಹಾಸಿಗೆ ಎಳೆದುಕೊಂಡು ಬಂದ ಹಾಗಾಗ್ತದೆ ನಮ್ಮ ಶೋಕಿ.

ಅದೇ ಸಿಎಂಎಫ್‌ಆರ್‌ಐನವರು ಕ್ಲೌನ್ ಮೀನನ್ನು ಹ್ಯಾಚರಿಯಲ್ಲಿ ಮರಿ ಮಾಡಿಸೋ ತಂತ್ರವನ್ನೂ ಕೂಡಿಸಿ ಕೊಟ್ಟಿದ್ದಾರೆ. ಕ್ಲೌನ್ ಜೋಡಿ ಕಲ್ಲಿಗೆ ಮೊಟ್ಟೆ ಅಂಟಿಸ್ತದೆ, ಗಂಡು ಕಾಯ್ತದೆ, ಹೆಚ್ಚುಕಡಿಮೆ ಒಂದು ವಾರಕ್ಕೆ ಮರಿ ಹೊರಬರ್ತದೆ. ಮೊದಲು ರೋಟಿಫರ್, ಆಮೇಲೆ ಆರ್ಟೀಮಿಯಾ ತಿನ್ನಿಸಿ ದೊಡ್ಡದು ಮಾಡ್ತಾರೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ತೊಟ್ಟಿಗೆ ಒಗ್ಗಿರ್ತದೆ, ಕಾಳು ತಿನ್ನೋದು ಗೊತ್ತಿರ್ತದೆ, ಸಮುದ್ರದ ರೋಗ ಹೊತ್ತು ತರೋದು ಕಡಿಮೆ. ಅದಕ್ಕೆ ಸೀ ಅನಿಮೋನಿ ಬೇಕೇ ಬೇಕು ಅನ್ನೋದು ಸಿನಿಮಾ ನೋಡಿದವರ ಮಾತು. ಟ್ಯಾಂಕಿನಲ್ಲಿ ಹಿಂಸಿಸೋರು ಯಾರೂ ಇಲ್ಲದಿದ್ದರೆ ಅದು ಒಂದು ಮಡಕೆಯ ಚೂರಿನಲ್ಲೂ ಸಂಸಾರ ಹೂಡ್ತದೆ. ಕಾಕಾನ ಟ್ಯಾಂಕಿನಲ್ಲಿ ಹೂಡಿದ್ದು ಅಂಥದ್ದರಲ್ಲೇ.

ಹಂಗಾಗಿ 200 ಲೀಟರಿನ ಟ್ಯಾಂಕಿಗೆ ನನ್ನ ಪಟ್ಟಿ ಬಹಳ ಚಿಕ್ಕದು. ಹ್ಯಾಚರಿಯ ಒಂದು ಜೋಡಿ ಕ್ಲೌನ್. ಬೇಕಿದ್ದರೆ ಮರಳಿನಲ್ಲಿ ಬಿಲ ಮಾಡುವ ಒಂದು ಸಣ್ಣ ಗೋಬಿ, ಅದನ್ನು ಮೊದಲು ಬಿಟ್ಟು, ಆಮೇಲೆ ಕ್ಲೌನ್ ಬಿಡಬೇಕು. ಮೊದಲು ಬಂದವರದೇ ಮನೆ ಅನ್ನೋ ಭಾವನೆ ಮೀನಿಗೂ ಇದೆ. ಟ್ಯಾಂಕಿಗೆ ಜಾಲರಿ ಮುಚ್ಚಳ ಬೇಕು, ಗೋಬಿ ಹಾರ್ತದೆ. ಅಲ್ಲಿಗೆ ನಿಲ್ಲಿಸಬೇಕು. ಗಟ್ಟಿ ಮೀನು ಅಂತ ಅಂಗಡಿಯವರು ಮೊದಲು ಕೊಡೋ ಡ್ಯಾಮ್ಸೆಲ್ ಬೇಡ, ಅದು ಸಾಯೋದಿಲ್ಲ ನಿಜ, ಉಳಿದವರನ್ನು ಬಾಳಗೊಡೋದಿಲ್ಲ. ಟ್ಯಾಂಗ್ ಬೇಡ. ಮ್ಯಾಂಡರಿನ್ ಅಂತೂ ಬೇಡವೇ ಬೇಡ. ಬಾಂಗಾಯ್ ಕಾರ್ಡಿನಲ್ ಅಂತ ಒಂದು ಬೆಳ್ಳಿ-ಕಪ್ಪು ಮೀನು ಸಿಗ್ತದೆ, ಇಂಡೋನೇಷ್ಯಾದ ಒಂದು ದ್ವೀಪಗುಂಪಿನ ಸುತ್ತ ಮಾತ್ರ ಸಹಜವಾಗಿ ಇರೋದು, ಅಕ್ವೇರಿಯಂ ವ್ಯಾಪಾರದಿಂದಲೇ ಅಳಿವಿನಂಚಿಗೆ ಬಂದದ್ದು. ಅದನ್ನೂ ತೊಟ್ಟಿಯಲ್ಲಿ ಮರಿ ಮಾಡಿಸಬಹುದು. ಹ್ಯಾಚರಿಯದು ಅಂತ ಖಾತ್ರಿ ಇದ್ದರೆ ಮಾತ್ರ ತರಬೇಕು, ಇಲ್ಲದಿದ್ದರೆ ಕೈ ಮುಗಿದು ಬರಬೇಕು. ಮತ್ತೆ ಮೀನು ತರೋ ಮೊದಲು ನಾಲ್ಕರಿಂದ ಆರು ವಾರ ಖಾಲಿ ಟ್ಯಾಂಕ್ ಓಡಿಸಬೇಕು, ಅಮೋನಿಯಾ ನೈಟ್ರೈಟ್ ಆಗಿ ನೈಟ್ರೇಟ್ ಆಗೋ ಬ್ಯಾಕ್ಟೀರಿಯಾ ಕೂರೋವರೆಗೆ. ಇಂಟರ್ನಲ್ಸ್‌ಗೆ ಹಿಂದಿನ ರಾತ್ರಿ ಓದೋ ನಮ್ಮಂಥವರಿಗೆ ಈ ಭಾಗವೇ ಎಲ್ಲಕ್ಕಿಂತ ಕಷ್ಟ.

ಇದನ್ನು ಓದಿದ ರೂಮ್‌ಮೇಟ್, “ಲೇ, ಇಷ್ಟೆಲ್ಲಾ ಯಾಕ ಬೇಕಲೇ? ಗಪ್ಪಿ ಸಾಕು. ಮೀನು ನೋಡ್ಬೇಕಂದ್ರ ಮುನಿರಾಬಾದಿಗೆ ಹೋಗು” ಅಂದ. ಹಾಸ್ಟೆಲಿನಲ್ಲಿ ಇರೋರಿಗೆ ಅವನ ಮಾತೇ ಸರಿ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ನದಿಯನ್ನು 2015ರಲ್ಲೇ ನೀರುನಾಯಿಗಾಗಿ ಮೀಸಲು ಮಾಡಿದ್ದಾರೆ, ನಮ್ಮಲ್ಲಿ ಎಷ್ಟು ಜನ ಅದನ್ನು ನೋಡೋಕೆ ಹೋಗಿದ್ದೀವಿ? ನಾನೂ ಹೋಗಿಲ್ಲ. ಆದರೆ ಸಮುದ್ರವನ್ನೇ ಕಾಣದ ಒಂದು ಹುಡುಗಿ, ಕಿತ್ತಳೆ ಬಣ್ಣದ ಮೀನೊಂದು ತನ್ನ ಜೋಡಿಯ ಹಿಂದೆ ಹಿಂದೆ ಸುತ್ತೋದನ್ನು ತಾಸುಗಟ್ಟಲೆ ಕೂತು ನೋಡಿದ್ದನ್ನು ನಾನು ನೋಡಿದ್ದೀನಿ. ಅದನ್ನು ಬರೀ ಶೋಕಿ ಅಂತ ತಳ್ಳಿಹಾಕೋಕೆ ನನಗೆ ಆಗ್ತಾ ಇಲ್ಲ.

ಆ ಸಣ್ಣ ಮೀನು ಉಳೀತು. ಕ್ಲೌನ್ ಮೀನಿನ ಜೋಡಿಯಲ್ಲಿ ದೊಡ್ಡದು ಹೆಣ್ಣು, ಸಣ್ಣದು ಗಂಡು. ಹೆಣ್ಣು ಸತ್ತರೆ ಉಳಿದ ಗಂಡೇ ನಿಧಾನಕ್ಕೆ ಹೆಣ್ಣಾಗ್ತದೆ. ತಂಗಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, “ಹಂಗಾರ ಅದಕ್ಕ ಹೊಸಾ ಹೆಸರು ಇಡಬೇಕು” ಅಂದಳು. ಅದಕ್ಕಿಂತ ಸಣ್ಣ ಮರಿಯೊಂದನ್ನು ತಂದು ಬಿಟ್ಟರೆ ಅದು ಗಂಡಾಗಿ ಮತ್ತೆ ಜೋಡಿಯಾಗ್ತದೆ. ಟ್ಯಾಂಕಿನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿದ್ದೀನಿ, ಯುಎಸ್‌ಬಿ ಪಂಪ್ ಪಕ್ಕದಲ್ಲೇ ಇದೆ.

ಹೋದ ವಾರ ಮರಿಗಾಗಿ ಒಂದು ಅಂಗಡಿಗೆ ಫೋನ್ ಮಾಡಿ, ಎಲ್ಲಿ ಹುಟ್ಟಿದ್ದು ಅಂತ ಕೇಳಿದೆ. ಆ ಕಡೆಯವರು ಒಂದು ಕ್ಷಣ ಸುಮ್ಮನಾಗಿ, “ಸಮುದ್ರದಲ್ಲಿ ಸಾರ್, ಇನ್ನೆಲ್ಲಿ?” ಅಂದ್ರು. ಬೇಡ ಅಂದೆ. ಕಾಕಾ ಪಕ್ಕದಲ್ಲೇ ಕೂತಿದ್ರು. “ಅಲ್ಲೋ, ಇದ್ದದ್ದು ಇದ್ದಂಗ ಹೇಳ್ಯಾನಲ್ಲ, ಅಂವಂದೇನು ತಪ್ಪು?” ಅಂದ್ರು. ಇನ್ನೆರಡು ಅಂಗಡಿಯ ನಂಬರ್ ಇವೆ. ಸೋಮವಾರ ಮಾಡ್ತೀನಿ.